ಬಾಗಿಲ ಹಿಂದೆ ನಿಂತವನು

ಮಾರೆಪ್ಪ ಹೊಳೆದಂಡೆಯ ಆಶ್ರಮಕ್ಕೆ ಬಂದ ದಿನ ಅವನ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು. ಹಿಂದೆ ಡೊಳ್ಳು ಬಡಿಯುವವರಿದ್ದರು.

ಹರಿಗೋಲು ಹಾಕುವವರ ಕೇರಿಯಿಂದ ಒಬ್ಬ ದೇವರ ದಾರಿ ಹಿಡಿದನೆಂದರೆ ಅದು ಕೇರಿಗೇ ಹೆಮ್ಮೆ. ಕೇರಿಯ ಯಜಮಾನನೇ ಮುಂದೆ ನಿಂತು ಅವನನ್ನು ಕಳಿಸಿಕೊಟ್ಟಿದ್ದ. ಮಾರೆಪ್ಪನ ಹೆಂಡತಿ ಅತ್ತಿದ್ದಳು, ಮಗಳು ಕಾಲಿಗೆ ಬಿದ್ದಿದ್ದಳು. ಮೆಟ್ಟಿಲ ತನಕ ಬಂದ ಜನ ಕೈಮುಗಿದು ಹಿಂದಿರುಗಿದರು.

ಆಶ್ರಮ ನಡೆಸುತ್ತಿದ್ದವರು ನೀಲವ್ವ. ಅರವತ್ತು ದಾಟಿದ ಹೆಂಗಸು. ಶಿಷ್ಯರೆಲ್ಲ ಅವರನ್ನು ಅವ್ವಾ ಎಂದೇ ಕರೆಯುತ್ತಿದ್ದರು.

"ಯಾಕ ಬಂದಿ?" ನೀಲವ್ವ ಕೇಳಿದರು.

"ಕೇರಿ ಬ್ಯಾಡ ಅನ್ನಿಸ್ತು, ಅವ್ವಾ."

ನೀಲವ್ವ ಅವನ ಹಾರವನ್ನು ನೋಡಿದರು.

"ಕೇರಿಗೆ ನೀ ಬ್ಯಾಡಾದಂಗ ಕಾಣೂದಿಲ್ಲ."

ಮಾರೆಪ್ಪ ಹಾರ ತೆಗೆದು ಹೊಳೆಗೆ ಬಿಟ್ಟ. ನೀರು ಅದನ್ನು ಒಯ್ದಿತು.

"ಈಗ ಹೇಳು," ಅಂದರು ನೀಲವ್ವ.

ಮಾರೆಪ್ಪ ಹೇಳಿದ.

ಹಿಂದಿನ ವರ್ಷ ಹೊಳೆ ತುಂಬಿ ಹರಿಯುತ್ತಿದ್ದಾಗ ಯಜಮಾನನ ಮಗ ಕುಡಿದು ಹರಿಗೋಲು ಹಾಕಿದ್ದ. ಏಳು ಮಂದಿ ಹಿಡಿಯುವ ಹರಿಗೋಲಿಗೆ ಹದಿಮೂರು ಮಂದಿಯನ್ನು ಹತ್ತಿಸಿಕೊಂಡಿದ್ದ. ನಡುಹೊಳೆಯಲ್ಲಿ ಅದು ಮಗುಚಿತು. ನಾಟಿ ಕೆಲಸಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ಮುಳುಗಿ ಸತ್ತರು.

ಪೊಲೀಸರು ಬರುವ ಹೊತ್ತಿಗೆ ಕೇರಿಯೆಲ್ಲ ಒಂದೇ ಮಾತಾಗಿತ್ತು. ಹುಡುಗ ಕುಡಿದಿರಲಿಲ್ಲ, ಹೆಂಗಸರೇ ಹೆದರಿ ಎದ್ದು ನಿಂತರು.

ಯಂಕೋಬ ಒಬ್ಬ ಮಾತ್ರ ಕಂಡದ್ದನ್ನು ಕಂಡಂತೆ ಹೇಳಿದ.

ಯಂಕೋಬ ಮಾರೆಪ್ಪನ ಗೆಳೆಯ. ಇಬ್ಬರೂ ಒಂದೇ ಹರಿಗೋಲಿನಲ್ಲಿ ಕೂತು ಹುಟ್ಟು ಹಾಕಲು ಕಲಿತವರು. ಒಬ್ಬನ ಮದುವೆಗೆ ಇನ್ನೊಬ್ಬ ಚಪ್ಪರ ಕಟ್ಟಿದವನು.

"ಕೇರಿ ಏನು ಮಾಡ್ತು?" ನೀಲವ್ವ ಕೇಳಿದರು.

"ಕುಲದಿಂದ ಹೊರಗ ಹಾಕ್ತು. ಅವನ ಕೂಡ ಯಾರೂ ಮಾತಾಡಬಾರದು. ಬೆಂಕಿ ಕೊಡಬಾರದು, ನೀರು ಕೊಡಬಾರದು. ಅವನ ಮನಿಯವರನ್ನ ಯಾರೂ ಹರಿಗೋಲಿಗೆ ಹತ್ತಿಸಿಕೊಳ್ಳಬಾರದು. ಒಪ್ಪಿದ ಗುರುತಿಗೆ ಮನಿಗೊಬ್ಬರು ಬಂದು ಕಂಬಳಿ ಮ್ಯಾಲೆ ವೀಳ್ಯದೆಲಿ ಇಡಬೇಕು."

"ನೀನೂ ಇಟ್ಟಿ."

"ಇಟ್ಟೆ."

"ಕೈ ನಡುಗ್ತೇನು?"

"ನಡುಗ್ತು, ಅವ್ವಾ."

"ಎಲಿ ಕೆಳಗ ಬಿತ್ತೇನು?"

ಮಾರೆಪ್ಪ ತಲೆ ತಗ್ಗಿಸಿದ. "ಇಲ್ಲ. ಸರಿಯಾಗೇ ಇಟ್ಟೆ."

"ಅಷ್ಟಕ್ಕ ಕೇರಿ ಬ್ಯಾಡ ಆತೇನು?"

"ಅಷ್ಟಕ್ಕಲ್ಲ."

ಅವನು ಹೊಳೆಯ ಕಡೆ ತಿರುಗಿದ.

"ಯಂಕೋಬನ ಹೆಂಡತಿ ಲಚುಮವ್ವಗ ಜ್ವರ ಬಂತು. ದವಾಖಾನಿ ಆಚಿ ದಂಡ್ಯಾಗ. ಅವನ ಹರಿಗೋಲು ಯಾರೋ ಕೊಯ್ದು ಹಾಕಿದ್ರು. ಮಟಮಟ ಮಧ್ಯಾಹ್ನ, ಅಕಿನ್ನ ಬೆನ್ನ ಮ್ಯಾಲೆ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದ. ನಾ ಬಾಗಿಲ ಹಿಂದ ನಿಂತಿದ್ದೆ. ತೆಗಿಲಿಲ್ಲ."

"ಆಮ್ಯಾಲೆ?"

"ಸೇತುವಿ ದಾರಿ ಹಿಡಿದ. ಮೂರು ಹರದಾರಿ. ಬಿಸಿಲಾಗ, ನಡುದಾರ್ಯಾಗ ಸತ್ಲು. ಹೆಣಕ್ಕೆ ಹೆಗಲು ಕೊಡಾಕ ಕೇರ್ಯಾಗ ಒಬ್ಬ ಗಂಡಸು ಹೋಗಲಿಲ್ಲ."

"ನೀ ಒಳಗಿದ್ದದ್ದು ಅವಗ ಗೊತ್ತೇನು?"

"ಗೊತ್ತೋ ಇಲ್ಲೋ, ನನಗ ತಿಳೀದು. ಆವತ್ತಿಂದ ಅವನ ಮಾರಿ ನೋಡಿಲ್ಲ."

"ಅದಕ್ಕ ಇಲ್ಲಿಗೆ ಬಂದಿ."

"ಇಲ್ಲಿ ಕೇರಿ ಇಲ್ಲಲ್ಲ, ಅವ್ವಾ."

ನೀಲವ್ವನ ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ಇರು," ಅಂದರು.

ಮರುದಿನ ಮುಂಜಾನೆ ಮಾರೆಪ್ಪ ಮಿಂದು, ಮಡಿ ಪಂಚೆ ಉಟ್ಟು, ಗುರುವಿನ ಮುಂದೆ ಕೂತ.

"ಏನಾದ್ರೂ ವ್ರತ ಹೇಳ್ರಿ. ಉಪವಾಸ ಇರು ಅಂದ್ರ ಇರ್ತೀನಿ. ಮೌನ ಇರು ಅಂದ್ರ ಇರ್ತೀನಿ."

"ಮೌನ ನಿನಗ ಹೊಸದಲ್ಲ."

ಮಾರೆಪ್ಪನ ಮುಖ ಕೆಂಪಾಯಿತು.

"ಯಂಕೋಬನ ಗುಡಿಸಲಿಗೆ ಹೋಗು," ಅಂದರು ನೀಲವ್ವ. "ಹಾಡಹಗಲ ಹೋಗು. ನಾಕು ಮಂದಿ ನೋಡುವಾಗ ಅವನ ಕೂಡ ಕೂತು ಮಾತಾಡಿ ಬಾ. ವ್ರತ ಅಷ್ಟೇ."

ಮಾರೆಪ್ಪ ಹೊರಟ. ಕೇರಿ ಕಾಣುವ ಏರಿಯ ತನಕ ಹೋದ. ಅಲ್ಲಿ ನಿಂತ. ಬಿಸಿಲು ನೆತ್ತಿಗೆ ಬಂದ ಮೇಲೆ ತಿರುಗಿ ಬಂದ.

"ಹೆಂಡತಿ ಮಗಳು ಇನ್ನೂ ಕೇರ್ಯಾಗ ಅದಾರ, ಅವ್ವಾ. ಮಗಳು ಹುಲಿಗೆಮ್ಮನ ಮದುವಿ ನಿಕ್ಕಿ ಆಗೈತಿ. ನಾ ಅವನ ಕೂಡ ಕೂತದ್ದು ತಿಳಿದ್ರ ಬೀಗರು ಎದ್ದು ಹೋಗ್ತಾರ. ಮದುವಿ ಒಂದು ಆಗಲಿ."

"ಆಗಲಿ," ಅಂದರು ನೀಲವ್ವ.

ಮಗಳ ಮದುವೆ ಆಯಿತು. ನೀಲವ್ವ ಕೇಳಿದರು.

"ಹೋಗಿ ಬಂದಿಯೇನು?"

"ಅಕಿ ಬಸುರಿ ಅದಾಳ, ಅವ್ವಾ. ಗಂಡನ ಮನಿಯವರು ಯಜಮಾನನ ಕಡಿಯವರು. ಹೆರಿಗಿ ಆಗಲಿ."

"ಆಗಲಿ."

ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಮಾರೆಪ್ಪ ಕೇರಿಗೆ ಹೋಗಿ, ಕೂಸಿನ ಹಣೆ ಮುಟ್ಟಿ, ಸಕ್ಕರೆ ತಿಂದು ಬಂದ. ಯಂಕೋಬನ ಗುಡಿಸಲು ಕೇರಿಯ ಆಚೆ ಜಾಲಿಗಿಡಗಳ ಮರೆಯಲ್ಲಿತ್ತು. ಅಲ್ಲಿಂದ ಒಲೆಯ ಹೊಗೆ ಏಳುತ್ತಿತ್ತು. ಮಾರೆಪ್ಪ ನೆಲ ನೋಡುತ್ತಾ ದಾಟಿ ಬಂದ.

ಆಮೇಲೆ ನೀಲವ್ವ ಕೇಳುವುದನ್ನು ಬಿಟ್ಟರು.

ಹೀಗೆ ಮೂರು ವರ್ಷ ಕಳೆಯಿತು.

ಆಶ್ರಮದಲ್ಲಿ ಮಾರೆಪ್ಪನೂ ಸೇರಿ ಒಂಬತ್ತು ಮಂದಿ ಶಿಷ್ಯರು. ಎಲ್ಲರಿಗಿಂತ ಹಿರಿಯ ವಿರೂಪಯ್ಯ. ಮಾರೆಪ್ಪನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವನು ಅವನೇ. ಒಮ್ಮೆ ಮಾರೆಪ್ಪನಿಗೆ ವಿಷಮಜ್ವರ ಬಂದು ಇಪ್ಪತ್ತು ದಿನ ಮಲಗಿದಾಗ ಸರದಿಯ ಮೇಲೆ ಎಲ್ಲರೂ ಅವನನ್ನು ನೋಡಿಕೊಂಡರು. ಅವನು ಕಕ್ಕಿದ್ದನ್ನು ಬಳಿದರು, ಮೈ ಒರೆಸಿದರು. ಯಾರ ಮುಖದಲ್ಲೂ ಅಸಹ್ಯ ಕಾಣಲಿಲ್ಲ.

ಇಂಥವರು ತನಗೆ ಸಿಕ್ಕರಲ್ಲ ಎಂದು ಮಾರೆಪ್ಪ ಮುಸುಕು ಹೊದ್ದುಕೊಂಡು ಅತ್ತಿದ್ದ.

ಸಂಜೆಯ ಭಜನೆಯಲ್ಲಿ ಅವನ ದನಿ ಉಳಿದ ಎಂಟು ದನಿಗಳಲ್ಲಿ ಬೆರೆತು ಹೋಗುತ್ತಿತ್ತು. ಯಾವುದು ತನ್ನದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಅದು ಅವನಿಗೆ ಬಹಳ ಹಿತವಾಗಿತ್ತು.

ಒಂದು ದಿನ ನೀಲವ್ವ ಮೊರ ಹಿಡಿದು ನವಣೆ ಕೇರುತ್ತಿದ್ದರು. ಮಾರೆಪ್ಪ ಹತ್ತಿರ ಕೂತು ಹೇಳಿದ:

"ಅವ್ವಾ, ಈಗ ನಾನು ಅನ್ನೋದು ನನಗ ಕಾಣೂದೇ ಇಲ್ಲ. ಎಲ್ಲಾರೊಳಗ ಕರಗಿ ಹೋಗೀನಿ."

ಗುರು ಮೆಚ್ಚುತ್ತಾರೆ ಎಂದುಕೊಂಡಿದ್ದ.

"ಕಂಬಳಿ ಮ್ಯಾಲೆ ಎಲಿ ಇಟ್ಟಾಗ?" ಕೇಳಿದರು ನೀಲವ್ವ, ಮೊರದಿಂದ ಕಣ್ಣು ಎತ್ತದೆ.

"ಏನು, ಅವ್ವಾ?"

"ಆವಾಗ ಕಾಣ್ತಿತ್ತೇನು, ನಾನು ಅನ್ನೋದು?"

ಮಾರೆಪ್ಪನಿಗೆ ಸಿಟ್ಟು ಬಂತು. ಹಳೆಯ ಗಾಯವನ್ನು ಇವರು ಯಾಕೆ ಕೆರೆಯಬೇಕು? ಎರಡು ದಿನ ಅವನು ಗುರುವಿನ ಎದುರು ಹೋಗಲಿಲ್ಲ. ವಿರೂಪಯ್ಯ ಅವನ ಹೆಗಲ ಮೇಲೆ ಕೈ ಹಾಕಿ, "ಅವ್ವನ ಮಾತು ಹಂಗ, ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ ತಮ್ಮಾ," ಅಂದ. ಅವನಿಗೆ ಸಮಾಧಾನವಾಯಿತು.

ಆ ವರ್ಷ ಚಳಿಗಾಲ ಮುಗಿಯುವಾಗ, ಒಂದು ಮುಂಜಾನೆ, ಯಂಕೋಬ ಆಶ್ರಮದ ಬಾಗಿಲಿಗೆ ಬಂದ.

ಮಾರೆಪ್ಪನಿಗೆ ಮೊದಲು ಗುರುತು ಸಿಗಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಬಟ್ಟೆಯ ಗಂಟು.

"ಮೊನ್ನೆ ಗುಡಿಸಲಿಗೆ ಬೆಂಕಿ ಬಿತ್ತು, ಅವ್ವಾ," ಅಂದ ಯಂಕೋಬ. "ಹೆಂಗ ಬಿತ್ತು ಅಂತ ಕೇಳಬ್ಯಾಡ್ರಿ. ಒಂದು ಮೂಲ್ಯಾಗ ಬಿದ್ದಿರ್ತೀನಿ. ದನ ಕಾಯ್ತೀನಿ, ಕಸ ಹೊಡೀತೀನಿ. ಮಾತಾಡು ಅಂತ ಯಾರನ್ನೂ ಕೇಳೂದಿಲ್ಲ."

"ಕೂಡು," ಅಂದರು ನೀಲವ್ವ.

ಅವನು ಹೊರಗಿನ ಕಟ್ಟೆಯ ಮೇಲೆ ಕೂತ.

ಅವನ ಹಿಂದೆಯೇ ಒಂದು ಹರಿಗೋಲು ದಂಡೆಗೆ ಬಂತು. ಯಜಮಾನ ಕಳಿಸಿದ ಆಳು ಅದರಿಂದ ಇಳಿಯಲೂ ಇಲ್ಲ. ಅಲ್ಲಿಂದಲೇ ಕೂಗಿದ: ಆ ಮನುಷ್ಯ ಆಶ್ರಮದಲ್ಲಿ ಉಳಿದರೆ ಇಂದಿನಿಂದ ಈ ದಂಡೆಗೆ ಯಾವ ಹರಿಗೋಲೂ ಬರುವುದಿಲ್ಲ.

ಆಶ್ರಮಕ್ಕೆ ಬರುವ ಭಕ್ತರೆಲ್ಲ ಆಚೆ ದಂಡೆಯ ಊರುಗಳಿಂದ ಹೊಳೆ ದಾಟಿಯೇ ಬರಬೇಕು. ಅಕ್ಕಿ, ಜೋಳ, ಎಣ್ಣೆ, ಎಲ್ಲವೂ ಹೊಳೆ ದಾಟಿಯೇ ಬರಬೇಕು.

ನೀಲವ್ವ ಒಂಬತ್ತು ಮಂದಿಯನ್ನೂ ಒಳಗೆ ಕರೆದರು.

"ಹೇಳ್ರಿ," ಅಂದರು.

ವಿರೂಪಯ್ಯ ಮೊದಲು ಮಾತಾಡಿದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಅವ ಒಳ್ಳೆಯವನೇ ಇರಬಹುದು. ಆದ್ರ ದಿನಾ ನೂರು ಮಂದಿ ಇಲ್ಲಿ ಉಣ್ತಾರ. ಒಬ್ಬನ ಸಲುವಾಗಿ ನೂರು ಮಂದಿ ಅನ್ನ ನಿಲ್ಲಬೇಕೇನು?"

ಎರಡನೆಯವನು ಹೇಳಿದ: "ಕೇರಿ ಜಗಳ ಕೇರ್ಯಾಗ ತೀರಲಿ. ನಮಗ ಯಾರೂ ಶತ್ರು ಇಲ್ಲ, ಯಾರೂ ಮಿತ್ರ ಇಲ್ಲ."

ಮೂರನೆಯವನು ಹೇಳಿದ: "ಬ್ಯಾರೆ ಆಶ್ರಮಕ್ಕ ಒಂದು ಪತ್ರ ಬರದು ಕೊಡೋಣ."

ಹೀಗೆ ಎಂಟು ಮಂದಿಯ ಮಾತು ಮುಗಿಯಿತು. ಉಳಿದವನು ಮಾರೆಪ್ಪ. ಎಲ್ಲರೂ ಅವನ ಕಡೆ ತಿರುಗಿದರು.

ವಿರೂಪಯ್ಯ ಅವನ ಬೆನ್ನ ಮೇಲೆ ಕೈ ಇಟ್ಟ.

"ನಿಮ್ಮ ಕೇರಿ ಮನುಷ್ಯ, ತಮ್ಮಾ. ಅವ ಎಂಥವ ಅಂತ ನೀನೇ ಹೇಳು. ಇಟ್ಟುಕೊಳ್ಳೋಣ ಅಂದ್ರ ನಿನ್ನ ಮಾತು ನಾವು ತೆಗದುಹಾಕೂದಿಲ್ಲ."

ಮಾರೆಪ್ಪ ಬಾಯಿ ತೆರೆದ. ಯಂಕೋಬ ಎಂಥವನು ಎಂದು ಹೇಳಬೇಕೆಂದರೆ ತಾನು ಎಂಥವನು ಎಂಬುದನ್ನೂ ಹೇಳಬೇಕಾಗುತ್ತಿತ್ತು. ನೀಲವ್ವನ ಹೊರತು ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಬೆನ್ನ ಮೇಲಿನ ಕೈ ಬೆಚ್ಚಗಿತ್ತು. ತನ್ನ ಮೈ ಒರೆಸಿದ ಕೈ ಅದು.

"ಎಲ್ಲಾರ ಮಾತೇ ನನ್ನ ಮಾತು," ಅಂದ.

ನೀಲವ್ವ ಅವನನ್ನು ನೋಡಿದರು. ಈಗ ಏನಾದರೂ ಹೇಳುತ್ತಾರೆ ಎಂದು ಮಾರೆಪ್ಪ ಕಾದ. ಹೇಳಲಿ ಎಂದು ಒಳಗೊಳಗೇ ಬೇಡಿಕೊಂಡ.

ಅವರು ಎದ್ದು ಹೊರಗೆ ಹೋದರು.

"ಇಲ್ಲಿ ಜಾಗ ಇಲ್ಲ, ಯಪ್ಪಾ," ಅಂದದ್ದು ಒಳಗೆ ಕೂತವರಿಗೆಲ್ಲ ಕೇಳಿಸಿತು.

"ಆಗಲಿ, ಅವ್ವಾ," ಅಂದ ಯಂಕೋಬ. "ಕುಡಿಯಾಕ ನೀರಾದ್ರೂ ಕೊಡ್ರಿ."

ನೀಲವ್ವ ತಾವೇ ತಂಬಿಗೆ ತಂದು ಅವನ ಬೊಗಸೆಗೆ ಹೊಯ್ದರು. ಅವನು ಕುಡಿದ. ಕೈ ಒರೆಸಿಕೊಂಡು, ಗಂಟು ಎತ್ತಿಕೊಂಡು, ದಂಡೆಗುಂಟ ಹೊಳೆಯ ಮೇಲ್ಗಡೆಗೆ ನಡೆದ.

ಮಾರೆಪ್ಪ ಹಿತ್ತಿಲ ಬಾಗಿಲಿಂದ ಹೊರಬಿದ್ದ. ಬಂಡೆಗಳ ಮರೆಯಲ್ಲಿ ಯಂಕೋಬನ ಹಿಂದೆಯೇ ಹೋದ. ಹೊಳೆ ತಿರುವು ತೆಗೆದುಕೊಂಡು ಆಶ್ರಮ ಕಣ್ಣಿಗೆ ಮರೆಯಾದ ಮೇಲೆ ಕೂಗಿದ.

"ಯಂಕೋಬಾ!"

ಯಂಕೋಬ ತಿರುಗಿ ನೋಡಿದ. ಅವನ ಮುಖ ಅರಳಿತು.

"ಬಂದ್ಯಾ? ಒಳಗ ನಿನ್ನ ನೋಡಿದೆ. ಮಾತಾಡಿಸಿದ್ರ ನಿನಗ ತೊಂದರಿ ಆಗಬಾರದು ಅಂತ ಸುಮ್ಮನಾದೆ."

ಇಬ್ಬರೂ ಬಂಡೆಯ ಮೇಲೆ ಕೂತರು.

"ಮಗಳಿಗೆ ಕೂಸು ಆತಂತಲ್ಲ. ಯಾರನ್ನ ಹೋಲ್ತದ?"

"ನನ್ನ ಅವ್ವನ್ನ."

"ಹಂಗಾದ್ರ ಮೂಗು ದೊಡ್ಡದು," ಎಂದು ಯಂಕೋಬ ನಕ್ಕ. ಆಮೇಲೆ ಮಾರೆಪ್ಪನ ಮೊಣಕಾಲ ಮೇಲೆ ಕೈ ಇಟ್ಟ.

"ನಿನಗ ಒಂದು ಮಾತು ಹೇಳಬೇಕಂತ ಭಾಳ ದಿನ ಆತು. ಲಚುಮಿ ಹೋದ ದಿನ ಕೇರ್ಯಾಗ ಎಲ್ಲಾ ಬಾಗಿಲು ಹಾಕಿದ್ವು. ಎಲ್ಲಾರೂ ಒಳಗಿದ್ರು. ನನಗೇನು ತಿಳೀದ? ಆದ್ರ ನೀ ಮಾತ್ರ ಹೊಳಿಗೆ ಹೋಗಿದ್ದಿ. ಇದ್ದಿದ್ರ ತೆಗೀತಿದ್ದಿ. ಇದನ್ನ ನಾನು ಜಾಲಿಗಿಡಕ್ಕೂ ಹೇಳೀನಿ, ನಾಯಿಗೂ ಹೇಳೀನಿ. ಹೇಳಾಕ ಮಂದಿ ಇರಲಿಲ್ಲಲ್ಲ."

ಹೊಳೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ನಾ ಒಳಗಿದ್ದೆ," ಅಂದ ಮಾರೆಪ್ಪ.

ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಂದ ಬಿದ್ದುಹೋಯಿತು.

ಯಂಕೋಬನ ಕೈ ಇನ್ನೂ ಅವನ ಮೊಣಕಾಲ ಮೇಲೆಯೇ ಇತ್ತು.

"ಎಲ್ಲಿ?"

"ಬಾಗಿಲ ಹಿಂದ. ಅಗಳಿ ಮ್ಯಾಲೆ ಕೈ ಇಟ್ಟುಕೊಂಡು ನಿಂತಿದ್ದೆ."

"ಲಚುಮಿ ಕರದದ್ದು ಕೇಳಿಸ್ತೇನು? ಅಕಿಗೆ ದನಿ ಇರಲಿಲ್ಲ. ಆದ್ರೂ ಮಾರೆಣ್ಣಾ ಅಂತ ಎರಡು ಸಲ ಕರದ್ಲು."

"ಕೇಳಿಸ್ತು."

ಯಂಕೋಬ ಕೈ ತೆಗೆದುಕೊಂಡ. ಬೈಯಲಿಲ್ಲ, ಅಳಲಿಲ್ಲ. ಮಾರೆಪ್ಪನ ಮುಖವನ್ನು ಯಾರೋ ಹೊಸಬನನ್ನು ನೋಡುವಂತೆ ನೋಡಿದ. ಆಮೇಲೆ ಎದ್ದು ನಡೆದ. ಗಂಟು ಬಂಡೆಯ ಮೇಲೆಯೇ ಉಳಿಯಿತು. ಮಾರೆಪ್ಪ ಅದನ್ನೆತ್ತಿಕೊಂಡು ಹಿಂದೆ ಓಡಿದ.

"ನಿನ್ನ ಗಂಟು..."

ಯಂಕೋಬ ತಿರುಗಲಿಲ್ಲ. ನಡೆಯುತ್ತಲೇ ಹೋದ. ಬಿಳಿಯ ತಲೆ ಜೊಂಡಿನ ನಡುವೆ ಸ್ವಲ್ಪ ದೂರ ಕಂಡು ಮರೆಯಾಯಿತು.

ಮಾರೆಪ್ಪ ಆಶ್ರಮಕ್ಕೆ ಮರಳಿದಾಗ ನೀಲವ್ವ ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ದಂಡೆಗೆ ಆಗಲೇ ಎರಡು ಹರಿಗೋಲು ಬಂದು ಭಕ್ತರನ್ನು ಇಳಿಸಿ ಹೋಗಿದ್ದವು.

ಮಾರೆಪ್ಪ ಎದುರು ನಿಂತ.

"ನೀವು ಗುರು. ನಾವು ಒಂಬತ್ತು ಮಂದಿ ಏನು ಅಂದ್ರೇನು? ಇರು ಅಂತ ನೀವೊಂದು ಮಾತು ಅಂದಿದ್ರ ಸಾಕಿತ್ತು. ಯಾಕ ಅನ್ನಲಿಲ್ಲ?"

"ಹೆದರಿಕಿ ಆತು," ಅಂದರು ನೀಲವ್ವ.

ಒಗಟಿನಂಥ ಮಾತೇನೋ ಬರುತ್ತದೆ, ಅದರ ಅರ್ಥ ಹುಡುಕುತ್ತಾ ಈ ದಿನವನ್ನು ಕಳೆಯಬಹುದು ಎಂದು ಮಾರೆಪ್ಪ ಅಂದುಕೊಂಡಿದ್ದ.

"ನಿಮಗೂ?"

"ನೀವೆಲ್ಲಾ ಎದ್ದು ಹೋದ್ರ ಅಂತ. ಮೂವತ್ತು ವರ್ಷದಿಂದ ಅವ್ವಾ ಅನ್ನಿಸಿಕೊಂಡೀನಿ. ಅನ್ನೋರು ಇಲ್ಲಂದ್ರ ನಾ ಯಾರು, ಮಾರೆಪ್ಪ?"

ಅವನ ಸಿಟ್ಟು ನಿಲ್ಲಲು ಜಾಗ ಸಿಗದೆ ಇಳಿದುಹೋಯಿತು. ಅವನು ಒಂದು ಮೆಟ್ಟಿಲು ಕೆಳಗೆ ಕೂತ. ಗಂಟು ಪಕ್ಕದಲ್ಲಿಟ್ಟ.

"ಅವಗ ಹೇಳಿದೆ, ಅವ್ವಾ. ಒಳಗಿದ್ದೆ ಅಂತ. ಇಷ್ಟು ವರ್ಷ ನಾ ಇರಲಿಲ್ಲ ಅಂತಲೇ ನಂಬಿದ್ದ. ಅದೊಂದು ನಂಬಿಕಿ ಇಟ್ಟುಕೊಂಡು ಬದುಕಿದ್ದ. ಈಗ ಅದೂ ಹೋತು." ಅವನು ಮುಖ ಒರೆಸಿಕೊಂಡ. "ಸುಳ್ಳು ಹೇಳಬೇಕಿತ್ತೇನು?"

"ನಿಜ ಹೇಳೋ ಹೊತ್ತು ಮುಂಜಾನೆ ಇತ್ತು. ಎಲ್ಲಾರೂ ಕೂತಿದ್ದಾಗ. ನಿನಗೂ ಇತ್ತು, ನನಗೂ ಇತ್ತು."

"ಈಗ ಏನು ಮಾಡ್ಲಿ?"



ಮೇಲಿನಿಂದ ವಿರೂಪಯ್ಯನ ದನಿ ಕೇಳಿತು. ಅಕ್ಕರೆಯ ದನಿ.

"ಅವ್ವಾ, ಊಟಕ್ಕ ಬಡಿಸೀವಿ. ಮಾರೆಪ್ಪಾ, ನೀನೂ ಬಾರಪ್ಪಾ."

"ನನಗ ಹಸಿವಿಲ್ಲ," ಅಂದ ಮಾರೆಪ್ಪ.

ನೀಲವ್ವ ಮೊಣಕಾಲಿಗೆ ಕೈ ಊರಿ ಎದ್ದರು.

"ಏಳು. ನಾವಿಬ್ಬರೂ ಹೋಗಿ ಕುಂದ್ರೋ ತನಕ ಅವರ್ಯಾರೂ ತುತ್ತು ಎತ್ತೂದಿಲ್ಲ."